ಒಂದೇ ಕಾರ್ಡು, ಬೇರೆ ಕೈ

ಮಗೂ, ಮೊನ್ನೆ ನೀನು ನಮ್ಮ ಜಗಲಿ ಮೇಲೆ ಕೂತು ಆ ಕಪ್ಪು ಬೈಂಡರಿನ ಹಾಳೆ ಒಂದೊಂದಾಗಿ ಮಗುಚುತ್ತಿದ್ದೆಯಲ್ಲ, ಆಗ ನಾನು ಕೊಬ್ಬರಿ ಆರಿಸುವುದನ್ನು ಅರ್ಧಕ್ಕೆ ಬಿಟ್ಟು ಎದ್ದು ಬಂದೆ. ‘ಕಾಗದದ ಚೂರಿಗೆ ದುಡ್ಡು ಸುರೀತಾನೆ, ನೀವಾದ್ರೂ ಒಂದು ಮಾತು ಹೇಳಿ’ ಎಂದು ನಿಮ್ಮಪ್ಪ ಹಿಂದಿನ ದಿನವೇ ಫೋನ್ ಮಾಡಿದ್ದ. ಹೇಳುವ ಮೊದಲು ನೋಡಬೇಕಲ್ಲ. ಇಪ್ಪತ್ತೊಂಬತ್ತು ವರ್ಷ ತುರುವೇಕೆರೆ ಸೀಮೆಯ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಟ್ಟ ಕಣ್ಣು ಇದು, ಚಿತ್ರ ಕಂಡ ಕಡೆ ತಾನಾಗಿಯೇ ನಿಲ್ಲುತ್ತದೆ. ನಿನ್ನ ಬೈಂಡರಿನ ಮೇಲೂ ನಿಂತಿತು. ಅವತ್ತು ಏನೂ ಹೇಳಲಾಗಲಿಲ್ಲ, ಅದಕ್ಕೇ ಈಗ ಬರೆಯುತ್ತಿದ್ದೇನೆ.

ನೀನು ಒಂದೇ ಹೆಸರಿನ ಎರಡು ಪೋಕಿಮಾನ್ ಕಾರ್ಡು ಪಕ್ಕಪಕ್ಕ ಇಟ್ಟು ತೋರಿಸಿದೆ. ಒಂದರಲ್ಲಿ ಚಿತ್ರ ಸಣ್ಣ ಚೌಕಟ್ಟಿನೊಳಗೆ ಕೂತಿತ್ತು. ಇನ್ನೊಂದರಲ್ಲಿ ಅಂಚಿನಿಂದ ಅಂಚಿಗೆ ಹರಡಿಕೊಂಡು, ಅಕ್ಷರಗಳೆಲ್ಲ ಅದರ ಮೇಲೆ ತೇಲುತ್ತಿದ್ದವು. ಮೊದಲನೆಯದಕ್ಕೆ ಮೂವತ್ತು ರೂಪಾಯಿ, ಎರಡನೆಯದಕ್ಕೆ ಮೂರು ಸಾವಿರ ಎಂದೆ. ‘ಆಟದಲ್ಲಿ ಇದಕ್ಕೆ ಬಲ ಜಾಸ್ತಿಯೋ?’ ಎಂದು ನಾನು ಕೇಳಿದೆ. ‘ಇಲ್ಲ ತಾತ, ಎರಡೂ ಒಂದೇ. ಆರ್ಟ್ ಮಾತ್ರ ಬೇರೆ’ ಎಂದೆ. ಆಮೇಲೆ ನಗುನಗುತ್ತಾ ಇನ್ನೊಂದು ವಿಷಯವನ್ನೂ ಹೇಳಿದೆ. ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ.

‘ಆರ್ಟ್ ಮಾತ್ರ ಬೇರೆ’ ಅನ್ನುವುದು ನಮ್ಮ ಸೀಮೆಗೆ ಹೊಸದಲ್ಲ. ತಿಪಟೂರಿನಿಂದ ಚನ್ನರಾಯಪಟ್ಟಣದ ಕಡೆ ಹೋಗುವಾಗ ನುಗ್ಗೇಹಳ್ಳಿ ಸಿಗುತ್ತದೆ. ಅಲ್ಲಿ 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಸ್ಥಾನವಿದೆ. ಹೊಯ್ಸಳರ ಗುಡಿಗಳ ಗೋಡೆ ಸುತ್ತುತ್ತಾ ಹೋದರೆ ಕೇಶವ, ನಾರಾಯಣ, ಮಾಧವ, ಗೋವಿಂದ ಎಂದು ವಿಷ್ಣುವೇ ಮತ್ತೆ ಮತ್ತೆ ಎದುರಾಗುತ್ತಾನೆ. ನಾಲ್ಕು ಕೈ, ಅವುಗಳಲ್ಲಿ ಶಂಖ, ಚಕ್ರ, ಗದೆ, ಪದ್ಮ. ಯಾವುದು ಯಾವ ಕೈಯಲ್ಲಿ ಎಂಬುದು ಬದಲಾದರೆ ಹೆಸರೂ ಬದಲು. ನೀನು ಗಣಿತ ಓದುವವನು, ಲೆಕ್ಕ ಹಾಕಿ ನೋಡು. ನಾಲ್ಕು ವಸ್ತುವನ್ನು ನಾಲ್ಕು ಕೈಗೆ ಹಂಚುವ ಬಗೆ ಸರಿಯಾಗಿ 24, ವಿಷ್ಣುವಿನ ಆ ರೂಪಗಳೂ 24. ಇದು ಶಾಸ್ತ್ರದ ಲೆಕ್ಕ, ನಿನ್ನ ಕಾರ್ಡಿನ ಮೇಲೆ ಅಚ್ಚಾದ ಅಂಕಿಗಳ ಹಾಗೆ, ಅದನ್ನು ಯಾವ ಶಿಲ್ಪಿಯೂ ಮೀರುವಂತಿಲ್ಲ.

ಆದರೆ ನುಗ್ಗೇಹಳ್ಳಿಯ ಗೋಡೆಯ ದಕ್ಷಿಣದ ಕಡೆ ಕೆತ್ತಿದವನು ಬೈಚೋಜ, ಉತ್ತರದ ಕಡೆ ಮಲ್ಲಿತಮ್ಮ. ಇಬ್ಬರೂ ತಮ್ಮ ಹೆಸರನ್ನು ಕಲ್ಲಿನಲ್ಲೇ ಬಿಟ್ಟುಹೋಗಿದ್ದಾರೆ. ನಾನು ಪ್ರತಿ ವರ್ಷ ಒಂಬತ್ತನೇ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ದಕ್ಷಿಣದ ಒಂದು ವಿಗ್ರಹ, ಉತ್ತರದ ಒಂದು ವಿಗ್ರಹ ಬರೆಸುತ್ತಿದ್ದೆ. ಯಾರು ಕೆತ್ತಿದ್ದೆಂದು ಮೊದಲು ಹೇಳುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಯಾವುದಾದರೂ ಮಗು ಬಂದು ‘ಸಾರ್, ಈ ಕಡೆಯವರ ಕೈಯೇ ಬೇರೆ, ಆ ಕಡೆಯವರ ಕೈಯೇ ಬೇರೆ’ ಎನ್ನುತ್ತಿತ್ತು. ಆ ಒಂದು ಮಾತಿಗಾಗಿ ನಾನು ವರ್ಷವಿಡೀ ಕಾಯುತ್ತಿದ್ದೆ.

ಇಸ್ಪೀಟಿನ ಲೋಕಕ್ಕೆ ಹತ್ತಿರದ್ದು ಬೇಕೆಂದರೆ ಮೈಸೂರಿನ ಗಂಜೀಫಾ ಇದೆ. ಬಾಬರನು ಸಿಂಧ್‌ನ ಷಾ ಹಸನ್‌ಗೆ ಗಂಜೀಫಾ ಎಲೆಗಳನ್ನು ಕಳಿಸಿಕೊಟ್ಟದ್ದನ್ನು 1527ರಲ್ಲಿ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಮೊಗಲರ ಆಟದಲ್ಲಿ ಎಂಟು ಪಂಗಡ, ಪಂಗಡಕ್ಕೆ ಹನ್ನೆರಡರಂತೆ 96 ಎಲೆ. ನಮ್ಮ ಜನ ಅದನ್ನೇ ದಶಾವತಾರವಾಗಿಸಿ 120 ಎಲೆ ಮಾಡಿಕೊಂಡರು. ಹಗಲಲ್ಲಿ ಆಡಿದರೆ ರಾಮನ ರಾಜ ಯಾರ ಕೈಯಲ್ಲಿದೆಯೋ ಅವರದು ಮೊದಲ ಆಟ, ರಾತ್ರಿ ಆಡಿದರೆ ಕೃಷ್ಣನ ರಾಜ ಇದ್ದವರದು. 1794ರಿಂದ 1868ರವರೆಗೆ ಬಾಳಿದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಇಷ್ಟು ಸಾಲಲಿಲ್ಲ. ಶ್ರೀತತ್ತ್ವನಿಧಿಯ ಕೌತುಕನಿಧಿ ಎಂಬ ಭಾಗದಲ್ಲಿ ‘ಛದ’ ಎಂದು ಕರೆದು ಹದಿಮೂರು ಬಗೆಯ ಎಲೆಯಾಟಗಳನ್ನು ಬಣ್ಣಿಸಿಟ್ಟರು. 36 ಎಲೆಯ ಕಟ್ಟಿನಿಂದ 360 ಎಲೆಯ ಕಟ್ಟಿನವರೆಗೆ! ಒಂದೊಂದು ಎಲೆಗೂ ಯಾವ ದೇವತೆ, ಯಾವ ಬಣ್ಣ, ಯಾವ ವಾಹನ ಎಂಬ ವಿವರ ಬೇರೆ.

ನಿನ್ನ ಎರಡು ಕಾರ್ಡು ಕಂಡಾಗ ನನಗೆ ತಟ್ಟನೆ ನೆನಪಾದದ್ದು ಗಂಜೀಫಾದ ಎರಡು ಕಲಂ, ಅಂದರೆ ಎರಡು ಶೈಲಿ. ಅರಮನೆಗೆ ಮಾಡಿದ್ದು ದರ್ಬಾರಿ ಕಲಂ. ಆನೆದಂತ, ಆಮೆಚಿಪ್ಪಿನ ಮೇಲೆ ಅಳಿಲು ಕೂದಲಿನ ಕುಂಚದಲ್ಲಿ ಬರೆದದ್ದು, ಚಿನ್ನದ ರೇಕು ಕೂರಿಸಿದ್ದು. ಸಂತೆಗೆ ಮಾಡಿದ್ದು ಬಜಾರ್ ಕಲಂ. ಬಟ್ಟೆಗೋ ಕಾಗದಕ್ಕೋ ಅಂಟು ಬಳಿದು ಗಟ್ಟಿಮಾಡಿ, ಎರಡು ಮೂರು ಬಣ್ಣದಲ್ಲಿ ಸರಸರ ಎಳೆದದ್ದು. ಆಟಕ್ಕೆ ಕೂತರೆ ಎರಡರ ರಾಜನೂ ಮಂತ್ರಿಯನ್ನು ಹೊಡೆಯುತ್ತಾನೆ. ಬಜಾರ್ ಕಲಮಿನ ಗೆರೆಯಲ್ಲಿ ಅರಮನೆಯ ಎಲೆಗೆ ಇಲ್ಲದ ಒಂದು ಓಟವಿರುತ್ತದೆ. ದಿನಕ್ಕೆ ನೂರು ಮೀನು ಬರೆದವನ ಕೈಗೆ ಮತ್ಸ್ಯಾವತಾರ ಎಷ್ಟು ಗೆರೆಯಲ್ಲಿ ಈಜುತ್ತದೆ ಎಂಬುದು ಗೊತ್ತಾಗಿಬಿಟ್ಟಿರುತ್ತದೆ. ನನಗೆ ಅದೇ ಹೆಚ್ಚು ಇಷ್ಟ. ಈ ಕಲೆ ಕಣ್ಮರೆಯಾಗುತ್ತಿದ್ದಾಗ ಹಿಡಿದು ನಿಲ್ಲಿಸಿದವರು ಗಂಜೀಫಾ ರಘುಪತಿ ಭಟ್ಟರು. ಒಮ್ಮೆ ಅವರು ಬರೆದ ಎಲೆಗಳನ್ನು ಹುಡುಕಿ ನೋಡು, ನಿನ್ನ ಬೈಂಡರು ಪಕ್ಕದಲ್ಲೇ ತೆರೆದಿರಲಿ.

ನಿನ್ನ ಕಾರ್ಡಿನ ಕೆಳಗೆ, ಎಡ ಮೂಲೆಯಲ್ಲಿ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಒಂದು ಹೆಸರು ಇರುತ್ತದೆ. ಇದು ಯಾರು ಎಂದು ಕೇಳಿದಾಗ ನೀನು ‘ಗೊತ್ತಿಲ್ಲ, ಆರ್ಟಿಸ್ಟ್ ಇರಬೇಕು’ ಎಂದೆ. ಬೆಲೆ ಬಾಯಿಪಾಠ, ಬರೆದವರ ಹೆಸರು ಗೊತ್ತಿಲ್ಲ. ಅವತ್ತು ನನಗೆ ಮೊದಲು ಚುಚ್ಚಿದ್ದು ಇದು. ಭೂತಗನ್ನಡಿ ಹಿಡಿದು ಆ ಹೆಸರುಗಳನ್ನು ಬರೆದುಕೊಂಡೆ, ನಿನ್ನಕ್ಕನ ಫೋನಿನಲ್ಲಿ ಹುಡುಕಿಸಿದೆ. ಆರನೇ ಹಾಳೆಯಲ್ಲಿ ಮೈದಾಹಿಟ್ಟಿನಲ್ಲಿ ಮಾಡಿದಂತೆ ಉಬ್ಬಿಕೊಂಡ ಪ್ರಾಣಿಯೊಂದಿದೆಯಲ್ಲ, ಅದನ್ನು ಮಾಡಿದವರು ಯೂಕಾ ಮೋರಿ. ಆಕೆ ಕುಂಚದಲ್ಲಿ ಬರೆಯುವವರಲ್ಲ. ಜೇಡಿಯಂಥ ಮಣ್ಣಿನಲ್ಲಿ ಬೊಂಬೆ ಮಾಡಿ, ಅದನ್ನು ಹುಲ್ಲಿನ ಮೇಲೋ ಮರಳಿನ ಮೇಲೋ ಕೂರಿಸಿ ಫೋಟೊ ತೆಗೆಯುತ್ತಾರೆ. ಅಸಾಕೋ ಇಟೋ ಎಂಬುವರು ನೂಲಿನಲ್ಲಿ ಹೆಣೆದು ಬೊಂಬೆ ಮಾಡುತ್ತಾರೆ. ನೀವೆಲ್ಲ ಬಾಯಿ ಬಿಟ್ಟುಕೊಂಡು ನೋಡುವ ಮೊದಲ ಕಂತಿನ ಚಾರಿಜಾರ್ಡ್ ಮಿತ್ಸುಹಿರೋ ಅರಿತಾ ಅವರದು. ನೀನು ಅಗ್ಗ ಎಂದು ಬೈಂಡರಿನ ಹಿಂಭಾಗಕ್ಕೆ ತಳ್ಳಿದ ಕಾರ್ಡುಗಳಲ್ಲಿಯೂ ಅರಿತಾ ಅವರ ಮೂರು ಸಿಕ್ಕವು. ಅದೇ ಕೈ, ಅದೇ ಬೆಳಕು. ಹತ್ತು ರೂಪಾಯಿಯವು ಎಂದು ನೀನು ನೋಡಿಯೇ ಇರಲಿಲ್ಲ.

ಇನ್ನು ಪೊಟ್ಟಣದ ವಿಷಯ. 2021ರಲ್ಲಿ ಬಂದ ಇವಾಲ್ವಿಂಗ್ ಸ್ಕೈಸ್ ಕಂತಿನ ಅಂಬ್ರಿಯಾನ್, ಗೋಪುರದ ತುದಿಯಲ್ಲಿ ನಿಂತು ಚಂದ್ರನ ಕಡೆ ಕೈ ಚಾಚಿರುವುದು, ಅದು ನಿನಗೆ ಬೇಕು. ಚಿತ್ರವನ್ನು ಫೋನಿನಲ್ಲಿ ತೋರಿಸಿದೆ, ಚೆನ್ನಾಗಿಯೇ ಇದೆ. ಅದಕ್ಕಾಗಿ ಪೊಟ್ಟಣದ ಮೇಲೆ ಪೊಟ್ಟಣ ಒಡೆಯುತ್ತಿದ್ದೀಯ. ಹತ್ತು ಕಾರ್ಡಿನ ಪೊಟ್ಟಣ ಹರಿದು, ಕೊನೆಯ ಕಾರ್ಡು ನೋಡಿ, ಉಳಿದ ಒಂಬತ್ತನ್ನು ಮುಖ ಕೂಡ ನೋಡದೆ ಪಕ್ಕಕ್ಕಿಡುವುದನ್ನು ನಾನೇ ಕಂಡೆ.

ಅಟ್ಟದ ಕಾಯಿ ನೆನೆಸಿಕೋ. ನಾವು ಬಲಿತ ಕಾಯಿಯನ್ನು ಸುಲಿಯದೆ ಅಟ್ಟಕ್ಕೇರಿಸಿ ಹೆಚ್ಚುಕಡಿಮೆ ವರ್ಷ ಕಾಯುತ್ತೇವೆ. ಒಳಗಿನದು ಯಾರಿಗೂ ಕಾಣುವುದಿಲ್ಲ. ಆದರೂ ನಿನ್ನಜ್ಜಿ ಕಾಯಿ ಎತ್ತಿ ಕಿವಿಯ ಬಳಿ ಅಲ್ಲಾಡಿಸಿ ಹೇಳುತ್ತಾಳೆ: ನೀರಿನ ಸದ್ದು ಬಂದರೆ ಇನ್ನೂ ಆಗಿಲ್ಲ, ಒಳಗೆ ಗಿಟುಕು ಗುಡುಗುಡು ಎಂದರೆ ಆಯಿತು. ಕೈಗೆ ಹಗುರವೆನಿಸಿದರೆ ತೆಗೆದು ಬೇರೆ ಹಾಕುತ್ತಾಳೆ. ಅವಳ ಕಿವಿಗೆ, ಕೈಗೆ ಐವತ್ತು ವರ್ಷದ ಪಾಠವಿದೆ. ನಿನ್ನ ಪೊಟ್ಟಣದಲ್ಲಿ ಅಲ್ಲಾಡಿಸಿ ಕೇಳುವುದಕ್ಕೆ ಏನೂ ಇಲ್ಲ. ಹಾಗೆ ಕೇಳಬಲ್ಲವರು ಯಾರಾದರೂ ಇದ್ದರೆ ಅವರು ನಿನಗಿಂತ ಮೊದಲೇ ಕೇಳಿರುತ್ತಾರೆ. ಹಳೆಯ ಪೋಕಿಮಾನ್ ಪೊಟ್ಟಣಗಳನ್ನು ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ, ಮಿರುಗುವ ಹಾಳೆಯ ಕಾರ್ಡಿರುವ ಭಾರದವನ್ನು ತಾವಿಟ್ಟುಕೊಂಡು ಹಗುರದವನ್ನು ಮಾರುವ ಜನ ಇದ್ದರು ಎಂದು ಓದಿದೆ. ಬಿಡಿ ಪೊಟ್ಟಣವನ್ನು ಗುರುತಿಲ್ಲದವರಿಂದ ಕೊಳ್ಳಬೇಡ. ನಿಜಕ್ಕೂ ಆ ಅಂಬ್ರಿಯಾನೇ ಬೇಕೆಂದರೆ ಪೊಟ್ಟಣ ಒಡೆಯುವುದನ್ನು ನಿಲ್ಲಿಸಿ ಹಣ ಕೂಡಿಡು, ಬಿಡಿ ಕಾರ್ಡನ್ನೇ ನೋಡಿ, ಮುಟ್ಟಿ, ಮನೆಯವರಿಗೆ ಹೇಳಿ ಕೊಂಡುಕೋ. ವರ್ಷ ಹಿಡಿದರೆ ಹಿಡಿಯಲಿ. ಕಾದು ಪಡೆದದ್ದನ್ನು ನೀನು ಎಷ್ಟು ಹೊತ್ತು ನೋಡುತ್ತೀಯೆಂಬುದು ನಿನಗೇ ತಿಳಿಯುತ್ತದೆ.

ನಾನೂ ನಿನ್ನ ಹಾಗೆ ಕೂಡಿಹಾಕಿದವನೇ. ಹತ್ತು ಹನ್ನೊಂದು ವರ್ಷದವನಿದ್ದಾಗ ನಮಗೆ ಬೆಂಕಿಪೊಟ್ಟಣದ ಪಟದ ಹುಚ್ಚು. ಸಂತೆ ಮಾಳದಲ್ಲಿ, ಬಸ್‌ಸ್ಟ್ಯಾಂಡಿನ ಚರಂಡಿ ಪಕ್ಕದಲ್ಲಿ ಖಾಲಿ ಪೊಟ್ಟಣ ಆಯ್ದು, ನೀರಲ್ಲಿ ನೆನೆಸಿ ಪಟ ಬಿಡಿಸಿ, ಹಳೇ ಕ್ಯಾಲೆಂಡರಿನ ಬೆನ್ನಿಗೆ ಅಂಟಿಸುತ್ತಿದ್ದೆ. ಒಂದು ನವಿಲಿನ ಪಟ ಊರಲ್ಲಿ ಯಾರ ಹತ್ತಿರವೂ ಇರಲಿಲ್ಲ, ಒಬ್ಬ ದೊಡ್ಡ ಹುಡುಗನ ಹತ್ತಿರ ಮಾತ್ರ. ಅದಕ್ಕೆ ನನ್ನ ನಲವತ್ತು ಪಟ ಕೊಟ್ಟೆ. ಹದಿನೈದು ದಿನದಲ್ಲಿ ಊರ ಅಂಗಡಿಗೆ ಅದೇ ನವಿಲಿನ ಬೆಂಕಿಪೊಟ್ಟಣ ಬಂಡಲುಗಟ್ಟಲೆ ಬಂತು. ಅತ್ತೆ. ಆದರೆ ಆ ನವಿಲನ್ನು ಹರಿಯಲಿಲ್ಲ. ಅದರ ಗರಿಯ ನೀಲಿ ನನಗೆ ಆಗಲೂ ಇಷ್ಟವಿತ್ತು. ಅದನ್ನು ನೋಡಿ ನೋಡಿ ಬರೆದೇ ನಾನು ಡ್ರಾಯಿಂಗ್ ಮೇಷ್ಟ್ರಾದದ್ದು.

ಕಾರ್ಡಿನ ಲೋಕದಲ್ಲೂ ಈ ನವಿಲಿನ ಪಟದ ಕಥೆಯೇ ನಡೆದಿದೆ. ರಿಚರ್ಡ್ ಗಾರ್ಫೀಲ್ಡ್ 1993ರಲ್ಲಿ ಮ್ಯಾಜಿಕ್ ಎಂಬ ಆಟ ತಂದರು. ಈ ಬಗೆಯ ಕೂಡಿಹಾಕಿ ಆಡುವ ಕಾರ್ಡಿನಾಟಗಳಿಗೆಲ್ಲ ಅದೇ ದಾರಿ ತೋರಿದ್ದು. 1995ರಲ್ಲಿ ಆ ಆಟದ ಕಂಪನಿ ಕ್ರಾನಿಕಲ್ಸ್ ಎಂಬ ಕಂತಿನಲ್ಲಿ ಹಳೆಯ ಅಪರೂಪದ ಕಾರ್ಡುಗಳನ್ನು ಮತ್ತೆ ಅಚ್ಚು ಹಾಕಿತು. ಕೂಡಿಟ್ಟವರು ಗಲಾಟೆ ಮಾಡಿದರು. 1996ರಲ್ಲಿ, ಇನ್ನು ಮುಂದೆ ಇಂತಿಂಥವನ್ನು ಅಚ್ಚು ಹಾಕುವುದಿಲ್ಲ ಎಂದು ಪಟ್ಟಿ ಮಾಡಿ ಮಾತು ಕೊಡಬೇಕಾಯಿತು. ಈಗಿನ ಉಪಾಯ ಬೇರೆ. ಆಡಲು ಬೇಕಾದ ಕಾರ್ಡನ್ನು ಸಾದಾ ರೂಪದಲ್ಲಿ ಧಾರಾಳವಾಗಿ ಬಿಡುತ್ತಾರೆ, ಅದನ್ನೇ ಬೇರೆ ಚಿತ್ರದಲ್ಲಿ ಅಳೆದು ಸುರಿದು ಕೊಡುತ್ತಾರೆ. ಆಡುವ ಹುಡುಗನಿಗೆ ಇದು ಒಳ್ಳೆಯದೇ, ಮೂವತ್ತು ರೂಪಾಯಿಯ ಕಾರ್ಡಿನಲ್ಲಿ ಅವನು ಗೆಲ್ಲಬಹುದು. ಆದರೆ ಎಷ್ಟು ಅಚ್ಚು ಹಾಕಬೇಕೆಂದು ತೀರ್ಮಾನಿಸುವವರು ಬೇರೆಯವರು ಅನ್ನುವುದನ್ನು ನೀನು ಮರೆಯಬೇಡ. ಬರ ಆಕಾಶದಿಂದ ಬಂದದ್ದಲ್ಲ.

ಬೆಲೆಯ ಏರಿಳಿತ ನಮಗೆ ಹೇಳಿಕೊಡಬೇಕಿಲ್ಲ. 2023ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ ಕ್ವಿಂಟಾಲಿಗೆ ಎಂಟು ಸಾವಿರದ ಆಸುಪಾಸಿಗೆ ಕುಸಿದಾಗ ನಿಮ್ಮಪ್ಪನ ಮುಖ ಹೇಗಿತ್ತು ಎಂದು ನಿನಗೆ ನೆನಪಿದೆ. ಎರಡೇ ವರ್ಷದಲ್ಲಿ, 2025ರಲ್ಲಿ, ಅದೇ ಕೊಬ್ಬರಿ ಇಪ್ಪತ್ತೈದು ಸಾವಿರ ದಾಟಿತು. ಆ ವರ್ಷ ಸರ್ಕಾರದ ಬೆಂಬಲ ಬೆಲೆ 12,100 ಇತ್ತು, ಬೇಕಾಗಲೇ ಇಲ್ಲ. ಬಿದ್ದಾಗ ಹೆದರಿ ಮಾರಿದವರು, ಏರಿದಾಗ ಅಟ್ಟ ಖಾಲಿಯಿದ್ದವರು, ಎರಡೂ ಬಗೆಯವರು ನಮ್ಮ ಬೀದಿಯಲ್ಲೇ ಇದ್ದಾರೆ. ಕೊಬ್ಬರಿಗೆ ಬೆಲೆ ಬಿದ್ದರೆ ಅಡುಗೆಮನೆಯಾದರೂ ಇದೆ, ಗಾಣವಾದರೂ ಇದೆ. ಕಾರ್ಡಿಗೆ ಬೆಲೆ ಬಿದ್ದ ದಿನ ಉಳಿಯುವುದು ಚಿತ್ರ ಒಂದೇ. ಅಂದಮೇಲೆ ಕೊಳ್ಳುವ ದಿನವೇ ಆ ಚಿತ್ರ ನಿನಗೆ ಹಿಡಿಸಿರಬೇಕು, ಮೂರು ಸಾವಿರ ಎಂಬುದು ಮೂರು ರೂಪಾಯಿ ಆದರೂ ಗೋಡೆಗೆ ಹಾಕಿಕೊಳ್ಳುವಷ್ಟು.

ಜಾತ್ರೆಯಲ್ಲಿ ತಂದ ಆ ಚಿನ್ನದ ಬಣ್ಣದ ಕಾರ್ಡಿನ ಕಟ್ಟನ್ನು ತಮ್ಮನಿಗೆ ಆಡಲು ಕೊಟ್ಟುಬಿಡು. ಎಲ್ಲವೂ ಅಪರೂಪ, ಎಲ್ಲವೂ ಹೊಳೆಯುವುದು, ಇಡೀ ಕಟ್ಟಿಗೆ ನೂರು ರೂಪಾಯಿ ಎಂದರೆ ಅವು ನಕಲಿ. ಅಸಲಿ ಕಾರ್ಡು ಎರಡು ಕಾಗದದ ನಡುವೆ ಕಪ್ಪು ಪದರ ಇಟ್ಟು ಅಂಟಿಸಿದ್ದು. ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ ಕೂದಲೆಳೆಯಷ್ಟು ಕಪ್ಪು ಗೆರೆ ಕಾಣುತ್ತದೆ, ಟಾರ್ಚು ಹಿಡಿದರೆ ಬೆಳಕು ಸುಲಭಕ್ಕೆ ದಾಟುವುದಿಲ್ಲ. ಈಗಿನ ದುಬಾರಿ ಪೂರ್ಣಚಿತ್ರದ ಕಾರ್ಡುಗಳ ಮೇಲೆ ಬೆರಳಾಡಿಸಿದರೆ ಬೆರಳಚ್ಚಿನಂಥ ಸಣ್ಣ ಉಬ್ಬುಗೆರೆ ತಾಗುತ್ತದೆ, ನಕಲಿಯದು ಗಾಜಿನಂತೆ ನುಣುಪು. ಚಿನ್ನ ಹೇಗೆ ಕೂರಬೇಕೆಂದು ನೋಡಬೇಕಾದರೆ ಹಳೆಯ ಮೈಸೂರು ಶೈಲಿಯ ಚಿತ್ರವೊಂದರ ಮುಂದೆ ನಿಂತುಕೋ. ಮಕ್ಕಿ ಸಫೇದ ಎಂಬ ಲೇಪದ ತೆಳ್ಳಗಿನ ಉಬ್ಬಿನ ಮೇಲೆ ರೇಕು ಕೂರಿಸಿ, ಎಲ್ಲಿ ಬೇಕೋ ಅಲ್ಲಷ್ಟೇ, ಒಂದು ಸರದ ಅಂಚಿಗೆ, ಒಂದು ಸೆರಗಿನ ಜರಿಗೆ ಹಾಕಿರುತ್ತಾರೆ.

ನಿನ್ನ ಮಿರುಗುವ ಕಾರ್ಡುಗಳು ಬಿಲ್ಲಿನಂತೆ ಬಾಗಿವೆ ಎಂದೆಯಲ್ಲ, ಅದು ಮಳೆಗಾಲದ ಕೆಲಸ. ಕಾಗದ ತೇವ ಕುಡಿದು ಹಿಗ್ಗುತ್ತದೆ, ಮೇಲಿನ ಲೋಹದ ಪದರ ಹಿಗ್ಗುವುದಿಲ್ಲ. ಬೈಂಡರನ್ನು ಅಡುಗೆಮನೆ ಗೋಡೆಗೆ, ಹೊಗೆಗೆ ದೂರವಿಡು. ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಆ ಸಣ್ಣ ಪೊಟ್ಟಣ ಹಾಕಿಡು. ಕೊಬ್ಬರಿಗೆ ಬೂಷ್ಟು ಬರುವ ಜಾಗದಲ್ಲಿ ಚಿತ್ರ ಇಡಬಾರದು, ಅಷ್ಟೆ.

ಕೊನೆಗೆ ಇಟ್ಟುಕೊಂಡ ಮಾತು. ಆ ಪೂರ್ಣಚಿತ್ರದ ಕಾರ್ಡು ನಿನಗೆ ಸಿಕ್ಕಿದ್ದು ಪೊಟ್ಟಣದಲ್ಲಿ ಅಲ್ಲ. ಟ್ಯೂಶನ್ನಿಗೆ ಬರುವ ನಾಲ್ಕನೇ ಕ್ಲಾಸಿನ ಹುಡುಗನ ಹತ್ತಿರ ಇತ್ತು, ಐದು ಸಾದಾ ಕಾರ್ಡು ಕೊಟ್ಟು ಇಸಿದುಕೊಂಡೆ ಎಂದೆ. ಅವನು ಹಿಂದೆಮುಂದೆ ನೋಡಿದಾಗ ‘ಎರಡೂ ಒಂದೇ ಕಣೋ, ಆರ್ಟ್ ಮಾತ್ರ ಬೇರೆ’ ಎಂದು ಹೇಳಿದೆಯಂತೆ. ಅದೇ ಮಾತು. ನನಗೆ ಹೇಳುವಾಗ ಹೆಮ್ಮೆಯಿಂದ ಹೇಳಿದ್ದು, ಅವನಿಗೆ ಹೇಳುವಾಗ ಕಣ್ಣು ಮುಚ್ಚಿಸಲು ಹೇಳಿದ್ದು. ಸುಳ್ಳು ಅಂತಲ್ಲ, ಆಟದ ಮಟ್ಟಿಗೆ ನಿಜವೇ. ಅದಕ್ಕೇ ಹೆಚ್ಚು ನೋವಾಯಿತು.

ನಮ್ಮಪ್ಪ ಒಂದು ಸಲ ನಾಲ್ಕು ಮೂಟೆ ಉಂಡೆ ಕೊಬ್ಬರಿಯನ್ನು ಗಾಡಿಯಲ್ಲಿ ಹಾಕಿಕೊಂಡು ಮಾರಲು ಹೋಗಿದ್ದರು. ಕೊಂಡವನು ಒಂದು ಗಿಟುಕನ್ನು ಎರಡು ಹೋಳು ಮಾಡಿ, ಮೂಸಿ, ‘ಕಮಟು ಹಿಡಿದಿದೆ, ಎರಡನೇ ದರ್ಜೆ’ ಎಂದ. ಅಪ್ಪನಿಗೆ ಮೂಗಿತ್ತು, ಆದರೆ ಎದುರು ಮಾತಾಡುವ ಧೈರ್ಯವಿರಲಿಲ್ಲ. ಕೊಟ್ಟು ಬಂದರು. ದಾರಿಯುದ್ದಕ್ಕೂ ಗಾಡಿಯಲ್ಲಿ ಮಾತಿಲ್ಲ. ನಾನು ಪಕ್ಕದಲ್ಲಿ ಕೂತಿದ್ದೆ, ನನಗೆ ಆಗ ಆ ನಾಲ್ಕನೇ ಕ್ಲಾಸಿನ ಹುಡುಗನ ವಯಸ್ಸೇ. ಗೊತ್ತಿರುವವನು ಗೊತ್ತಿಲ್ಲದವನ ಎದುರು ಕೂತಾಗ ತಕ್ಕಡಿ ಯಾರ ಕೈಯಲ್ಲಿರುತ್ತದೆ ಎಂದು ನಾನು ಕಲಿತದ್ದು ಆ ಗಾಡಿಯಲ್ಲಿ.

ಆ ಕಾರ್ಡನ್ನು ಅವನಿಗೆ ವಾಪಸ್ ಕೊಡು. ಬೆಲೆ ಎಷ್ಟೆಂದು ಹೇಳಿ ಕೊಡು, ಬರೆದವರು ಯಾರೆಂದೂ ಹೇಳಿ ಕೊಡು. ಆಮೇಲೂ ಅವನೇ ಬದಲಾಯಿಸಿಕೊಳ್ಳುತ್ತೇನೆ ಎಂದರೆ ಅದು ಬೇರೆ ಮಾತು. ಐದು ಸಾದಾ ಕಾರ್ಡು ಅವನ ಹತ್ತಿರವೇ ಇರಲಿ.

ಒಂದು ವಿಷಯ ನಿನಗೆ ಖುಷಿ ಕೊಡುತ್ತದೆ. ನೀವೆಲ್ಲ ಕನಸು ಕಾಣುವ ಆ ಪಿಕಾಚು ಇಲ್ಲಸ್ಟ್ರೇಟರ್ ಕಾರ್ಡು, 2021ರಲ್ಲಿ 52 ಲಕ್ಷ ಡಾಲರಿಗೂ ಮೇಲೆ ಕೈ ಬದಲಾಯಿಸಿದ್ದು, ಯಾವ ಪೊಟ್ಟಣದಲ್ಲೂ ಬಂದದ್ದಲ್ಲ. 1997-98ರಲ್ಲಿ ಜಪಾನಿನ ಕೊರೊಕೊರೊ ಪತ್ರಿಕೆ ನಡೆಸಿದ ಚಿತ್ರಸ್ಪರ್ಧೆಗಳಲ್ಲಿ ಗೆದ್ದವರಿಗೆ ಬಹುಮಾನವಾಗಿ ಕೊಟ್ಟದ್ದು. ಅತ್ಸುಕೋ ನಿಶಿದಾ ಬರೆದ ಆ ಪಿಕಾಚುವಿನ ಕೈಯಲ್ಲಿ ಕುಂಚವಿದೆ. ಚಿತ್ರ ಬರೆದು ಕಳಿಸಿದವರಿಗೆ ಸಿಕ್ಕ ಕಾರ್ಡು ಅದು.

ನಾವೂ ಕಾರ್ಡು ಬರೆಯೋಣ. ಮ್ಯಾಜಿಕ್ ಆಟದಲ್ಲಿ ಭೂಮಿಯ ಕಾರ್ಡು ಎಂದಿವೆಯಂತೆ: ಬಯಲು, ದ್ವೀಪ, ಜೌಗು, ಬೆಟ್ಟ, ಕಾಡು. ಅವಿಲ್ಲದೆ ಬೇರೆ ಹೆಚ್ಚಿನ ಕಾರ್ಡುಗಳನ್ನು ಇಳಿಸುವುದಕ್ಕಾಗುವುದಿಲ್ಲ, ಆದರೂ ಎಲ್ಲಕ್ಕಿಂತ ಅಗ್ಗ. ಚಿತ್ರದಲ್ಲಿ ಮಾತ್ರ ಎಲ್ಲಕ್ಕಿಂತ ಹೆಚ್ಚು ಬಗೆ ಇರುವುದೂ ಅವಕ್ಕೇ. ಒಂದೇ ಕಾಡನ್ನು ನೂರಾರು ಸಲ ಬೇರೆ ಬೇರೆಯಾಗಿ ಬರೆಸಿದ್ದಾರೆ. ಜಾನ್ ಅವನ್ ಎಂಬ ಕಲಾವಿದರಿಗೆ ಆ ಭೂಮಿಗಳಿಂದಲೇ ದೊಡ್ಡ ಹೆಸರು. ನಾನು ದಪ್ಪ ಡ್ರಾಯಿಂಗ್ ಹಾಳೆಯನ್ನು ನಿನ್ನ ಕಾರ್ಡಿನ ಅಳತೆಗೆ, 63 ಮಿಲಿಮೀಟರ್ ಅಗಲ, 88 ಉದ್ದ, ಕತ್ತರಿಸಿಟ್ಟಿದ್ದೇನೆ. ಇಪ್ಪತ್ತನಾಲ್ಕು ಇವೆ. ಭಾನುವಾರ ಆ ಹುಡುಗನನ್ನೂ ಕರೆದುಕೊಂಡು ಬಾ. ಬೆಳಿಗ್ಗೆ ಏಳಕ್ಕೆ ತೋಟದ ಬದುವಿನಲ್ಲಿ ಕೂತರೆ ಬೆಳಕು ಗರಿಗಳ ನಡುವೆ ಓರೆಯಾಗಿ ಇಳಿಯುತ್ತಿರುತ್ತದೆ. ಅದೇ ತೆಂಗಿನ ಸಾಲು, ನೀನೊಂದು ಬರಿ, ಅವನೊಂದು ಬರೆಯಲಿ, ನಾನೊಂದು ಬರೆಯುತ್ತೇನೆ. ಕೆಳಗೆ ಎಡ ಮೂಲೆಯಲ್ಲಿ ಹೆಸರು ಹಾಕಲು ಮೊನಚು ಪೆನ್ಸಿಲ್ ತಾ, ನನ್ನದು ಮೊಂಡಾಗಿದೆ.